ಸಿಂಥೆಟಿಕ್ ಬಯಾಲಜಿ ಕಲೀಲಿಕ್ಕೆ 85 ಸಾವಿರ ಬೇಕಾ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾನು ಕಲಬುರಗಿದಾಗ ಬಿಎಸ್ಸಿ ಕೊನೇ ವರ್ಷ ಓದ್ಲಿಕತ್ತೀನಿ, ಬಯೋಟೆಕ್ನಾಲಜಿ ತಗೊಂಡೀನಿ. ನಮ್ಮಪ್ಪಂದು ಸೇಡಂ ಕಡೆ ನಾಲ್ಕೆಕರೆ ತೊಗರಿ ಹೊಲ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆದವ್ರು ಆರು ತಿಂಗಳ ಆನ್‌ಲೈನ್ ಸಿಂಥೆಟಿಕ್ ಬಯಾಲಜಿ ಕೋರ್ಸ್ ಮಾಡಿದ್ರ ಕೆಲಸ ಪಕ್ಕಾ ಅಂತ ಹೇಳಿ 85 ಸಾವಿರ ಕೇಳ್ಲಿಕತ್ತಾರ. ಅಪ್ಪ ಸಾಲ ಮಾಡಿಯಾದ್ರೂ ಕಟ್ತೀನಿ ಅಂತಾರ. ಸೇರ್ಲೋ ಬ್ಯಾಡೋ? ಇದು ನಾವು ಓದೋ ಜೆನೆಟಿಕ್ ಇಂಜಿನಿಯರಿಂಗೇ ಏನು, ಬ್ಯಾರೆ ಏನರೆ ಅದನಾ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಾಲ ಮಾಡಬ್ಯಾಡವ್ವ ತಂಗಿ. ಮೊದ್ಲು ಅದೊಂದು ಹೇಳಿಬಿಡ್ತೀನಿ, ಮನಿಗೆ ಹೋಗಿ ಅಪ್ಪಗೂ ಓದಿ ಹೇಳು. ವಿಷಯ ಭಾಳ ಚಲೋ ಅದ, ನಾನೇ ಅದರ ಬೆನ್ನು ಬಿದ್ದು ಎಷ್ಟೋ ರಾತ್ರಿ ನಿದ್ದಿಗೆಟ್ಟೀನಿ. ಆದ್ರ ಪಿಪೆಟ್ (ಲ್ಯಾಬಿನಾಗ ದ್ರವ ಅಳೆದು ಹಾಕೋ ಕೊಳವಿ) ಮುಟ್ಟದೇ ಆರು ತಿಂಗಳು ವಿಡಿಯೋ ನೋಡಿದವರಿಗೆ ಕೆಲಸ ಪಕ್ಕಾ ಅಂತ ಯಾರಾದ್ರೂ ಹೇಳಿದ್ರ ಅವರ ಮಾತು ನಂಬಬ್ಯಾಡ.

ಈಗ ನಿನ್ನ ಎರಡನೇ ಪ್ರಶ್ನೆ. 1978ರಾಗ ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾದ ಕೈಲಿಂದ ಮನುಷ್ಯರ ಇನ್ಸುಲಿನ್ ಮಾಡಿಸಿದ್ರು, 1982ರಾಗ ಅಮೆರಿಕದಾಗ ಅದಕ್ಕ ಔಷಧ ಅಂತ ಒಪ್ಪಿಗಿ ಸಿಕ್ತು, ಅದು ನೀ ಓದಿರೋ ಜೆನೆಟಿಕ್ ಇಂಜಿನಿಯರಿಂಗ್, ಹೊರಗಿನ ಜೀನ್ ಒಳಗ ಇಟ್ರು, ಪ್ರೋಟೀನ್ ತಗೊಂಡ್ರು. 2000ದಾಗ ಇನ್ನೊಂದು ನಮೂನಿ ಕೆಲಸ ಶುರುವಾಯ್ತು. ಎಲೊವಿಟ್ಜ್ ಮತ್ತ ಲೈಬ್ಲರ್ ಅನ್ನೋರು ಮೂರು ಜೀನ್ ತಗೊಂಡು ಮೊದಲಿನದು ಎರಡನೇದನ್ನ ಅದುಮಬೇಕು, ಎರಡನೇದು ಮೂರನೇದನ್ನ, ಮೂರನೇದು ತಿರುಗಿ ಮೊದಲಿನದನ್ನ, ಹಿಂಗ ಜೋಡಿಸಿ ಇ. ಕೋಲೈ ಒಳಗ ಇಟ್ರು, ಆ ಜೀವಕೋಶ ಗಡಿಯಾರದಂಗ ಒಮ್ಮೆ ಹಸಿರು ಬೆಳಕು ಬೀರೋದು, ಒಮ್ಮೆ ಮಂಕಾಗೋದು ಮಾಡ್ಲಿಕ್ಕತ್ತಿತು. ಅದೇ ವರ್ಷ ಕಾಲಿನ್ಸ್ ಅವರ ತಂಡ ಎರಡು ಜೀನಿನ ಸ್ವಿಚ್ ಮಾಡ್ತು. ಹೊಲದ ಮೋಟರಿನ ಸ್ಟಾರ್ಟರ್ ನೋಡಿದ್ದೀಯಲ್ಲ, ಹಸಿರು ಬಟನ್ ಒತ್ತಿ ಬೆರಳು ತಗದ್ರೂ ಮೋಟರ್ ಓಡ್ತಾನೇ ಇರ್ತದ, ಕೆಂಪು ಒತ್ತೋತನಕ ನಿಲ್ಲಂಗಿಲ್ಲ, ಥೇಟ್ ಹಂಗ. ಹಿಂಗ ಮೊದಲೇ ನಕ್ಷೆ ಹಾಕಿ, ಕಟ್ಟಿ, ಅಳತಿ ಮಾಡಿ, ತಪ್ಪಾದ್ದು ತಿದ್ದಿ ಮತ್ತ ಕಟ್ಟೋದಕ್ಕೇ ಸಿಂಥೆಟಿಕ್ ಬಯಾಲಜಿ ಅಂತಾರ.

ಇನ್ನೊಂದು ಮಾತು, ಕೋರ್ಸ್ ಮಾರೋರು ಇದನ್ನ ಹೇಳಂಗಿಲ್ಲ. ಮಲೇರಿಯಾ ಔಷಧ ಆರ್ಟೆಮಿಸಿನಿನ್ನಿಗೆ ಬೇಕಾದ ಆಮ್ಲವನ್ನ ಯೀಸ್ಟ್‌ನಿಂದ ಮಾಡಿಸೋದನ್ನ ಬರ್ಕ್ಲಿದಾಗ ಜೇ ಕೀಸ್ಲಿಂಗ್ ತಂಡ ವರ್ಷಗಟ್ಟಲೆ ಕೂತು ಸಾಧಿಸ್ತು, 2013ರಾಗ ಸನೋಫಿ ಕಂಪನಿ ದೊಡ್ಡ ಪ್ರಮಾಣದಾಗ ತಯಾರಿ ಶುರು ಮಾಡ್ತು, ಆದ್ರೂ ಗಿಡದಿಂದ ತೆಗೆದ ಮಾಲೇ ಅಗ್ಗ ಬಿತ್ತು. ಲ್ಯಾಬಿನಾಗ ಗೆದ್ದದ್ದು ಬಾಜಾರಿನಾಗ ಸೋಲಬಹುದು, ಅದಕ್ಕೇ ಕಂಪನಿಗಳಿಗೆ ಫರ್ಮೆಂಟರ್ (ಸೂಕ್ಷ್ಮಜೀವಿ ಬೆಳೆಸೋ ದೊಡ್ಡ ಪಾತ್ರಿ) ನಡೆಸೋರು, ಖರ್ಚು ಲೆಕ್ಕ ಹಾಕೋರು ಜೀನ್ ಜೋಡಿಸೋರಷ್ಟೇ ಬೇಕು.

ನಾನು ಹೊಸಬರ ಇಂಟರ್ವ್ಯೂ ತಗೊಳ್ಳೋ ಮುಂದ ಮೊದ್ಲು ಕೇಳೋದು ಏನು ಗೊತ್ತಾ? ನಿನ್ನ ಪಿಸಿಆರ್ (ಡಿಎನ್ಎ ತುಣುಕಿನ ನಕಲು ಮಾಡೋ ಪ್ರಯೋಗ) ಫೇಲ್ ಆದಾಗ ಏನು ಮಾಡ್ದಿ ಅಂತ. ನಂದು ಯಾವತ್ತೂ ಫೇಲ್ ಆಗಿಲ್ರಿ ಅನ್ನೋರು ಸ್ವಂತ ಕೈಲಿಂದ ಮಾಡಿಲ್ಲ ಅಂತ ಅಲ್ಲೇ ತಿಳೀತದ. ಹೋಲಿಕಿಗೆ ಅಂತ ಡಿಎನ್ಎ ಹಾಕದ ಕಂಟ್ರೋಲ್ ಇಟ್ಟಿದ್ದೆ, ಬರೇ ನೀರು ಹಾಕಿದ ಆ ಟ್ಯೂಬಿನಾಗೂ ಬ್ಯಾಂಡ್ (ಡಿಎನ್ಎ ಗೆರಿ) ಬಂತು, ಆಗ ಪ್ರೈಮರ್ (ನಕಲು ಶುರು ಮಾಡಿಸೋ ಸಣ್ಣ ಡಿಎನ್ಎ ತುಣುಕು) ಬದಲಿ ಮಾಡಿ ನೋಡಿದೆ ಅಂತ ಯಾವಾಕಿ ಹೇಳ್ತಾಳೋ ಆಕಿ ಮಾರ್ಕ್ಸ್ ನಾನು ಕೇಳೋದೇ ಇಲ್ಲ.

ರೊಕ್ಕ ಖರ್ಚಿಲ್ಲದೇ ಈ ವಾರಾನೇ ಮಾಡೋ ಕೆಲಸ ಒಂದು ಕೊಡ್ತೀನಿ. ಡಿಎನ್ಎ ನಕ್ಷೆ ಹಾಕೋ ಬೆಂಚ್ಲಿಂಗ್ ಅನ್ನೋ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗ್ತದ. ಎನ್‌ಸಿಬಿಐ ಅನ್ನೋ ಜೀನ್ ಮಾಹಿತಿ ಜಾಲತಾಣದಿಂದ ಜೆಲ್ಲಿಮೀನಿನ ಜಿಎಫ್‌ಪಿ (ಹಸಿರು ಹೊಳಿಯೋ ಪ್ರೋಟೀನ್) ಜೀನ್ ತಗೋ, ಅದರ ಪ್ರೋಟೀನಿಗೆ 238 ಅಮೈನೋ ಆಮ್ಲ, ಒಂದೊಂದಕ್ಕ ಮೂರು ಡಿಎನ್ಎ ಅಕ್ಷರ, ಕೊನೀಗೆ ನಿಲ್ಲು ಅನ್ನೋ ಸ್ಟಾಪ್ ಕೋಡಾನ್ ಸೇರಿ 717 ಅಕ್ಷರ ಆಗ್ಬೇಕು, ಆಗ್ತದೋ ಇಲ್ಲೋ ಎಣಿಸಿ ನೋಡು. ಇದನ್ನ 2,686 ಅಕ್ಷರದ ಪಿಯುಸಿ19 ಪ್ಲಾಸ್ಮಿಡ್‌ದಾಗ (ಬ್ಯಾಕ್ಟೀರಿಯಾದಾಗಿನ ಸಣ್ಣ ಡಿಎನ್ಎ ಬಳಿ) ಹಿಂಡ್ ಥ್ರೀ ಮತ್ತ ಇಕೋ ಆರ್ ಒನ್ ಅನ್ನೋ ಕತ್ತರಿ ಕಿಣ್ವಗಳು ಕತ್ತರಿಸೋ ಸೈಟ್ ನಡುವ ಕೂಡಿಸು. ಮೊದಲಿಗೆ ಎಲ್ಲರೂ ಮುಗ್ಗರಿಸೋದು ಎಲ್ಲಿ ಅಂದ್ರ ದಿಕ್ಕು, ಪಿಯುಸಿ19ದಾಗ ಪ್ರೊಮೋಟರ್ (ಜೀನ್ ಓದೋದನ್ನ ಶುರು ಮಾಡಿಸೋ ಭಾಗ) ಇರೋದು ಹಿಂಡ್ ಥ್ರೀ ಕಡೆ, ಹಂಗಾಗಿ ಜೀನಿನ ತಲಿ ಆ ಕಡೆ ಬರಬೇಕು, ತಿರುವು ಮುರುವು ಆದ್ರ ಹಸಿರು ಬರಂಗಿಲ್ಲ. ಫ್ರೇಮ್, ಅಂದ್ರ ಮೂರು ಮೂರು ಅಕ್ಷರ ಓದೋ ಲೆಕ್ಕ, ಒಂದಕ್ಷರ ಜರುಗಿದ್ರೂ ಪ್ರೋಟೀನ್ ಪೂರಾ ಕೆಡ್ತದ. ಆಮ್ಯಾಲ ಆ ಸೈಟ್ ಜೀನಿನ ಒಳಗೂ ಎಲ್ಲಿಯಾದ್ರೂ ಅದನಾ ಹುಡುಕು, ಆರಕ್ಷರದ ಸೈಟ್ ಸರಾಸರಿ 4,096 ಅಕ್ಷರಕ್ಕೊಮ್ಮೆ ತಾನಾಗೇ ಬರ್ತದ, ಇದ್ದರ ಕತ್ತರಿ ಅಲ್ಲೂ ಬೀಳ್ತದ. ಇಷ್ಟು ಮಾಡಿ, ಮಾಡೋ ಮುಂದ ಎಲ್ಲಿ ತಪ್ಪಿದಿ ಅಂತ ತಾರೀಖು ಹಾಕಿ ನೋಟ್‌ಬುಕ್ಕಿನಾಗ ಬರೆದಿಟ್ಕೋ. ಆ ಸರ್ಟಿಫಿಕೇಟಿಗಿಂತ ನನಗ ಆ ನೋಟ್‌ಬುಕ್ಕಿನ ಮ್ಯಾಲ ವಿಶ್ವಾಸ ಜಾಸ್ತಿ.

ಇದರ ಜೊತಿಗೆ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷಾ ಸ್ವಲ್ಪ ಕಲಿ, ಎನ್‌ಪಿಟಿಇಎಲ್ ಅನ್ನೋ ಐಐಟಿಗಳ ಆನ್‌ಲೈನ್ ಪಾಠ ಪುಕ್ಕಟೆ ಅವ, ಪರೀಕ್ಷೆಗಷ್ಟೇ ಫೀ. ಎಂಎಸ್ಸಿ ಮಾತ್ರ ಬಿಡಬ್ಯಾಡ. ಅದರ ಪ್ರವೇಶ ಪರೀಕ್ಷೆ ಗ್ಯಾಟ್-ಬಿ ಬರಿ, ಐಐಟಿ ಜಾಮ್ ಬರಿ, ಸಿಯುಇಟಿ ಬರೆದ್ರ ಕಡಗಂಚಿ ಕೇಂದ್ರೀಯ ವಿವಿ ನಿಮ್ಮ ಜಿಲ್ಲಾದಾಗೇ ಅದ, ಗುಲಬರ್ಗಾ ವಿವಿದಾಗೂ ಬಯೋಟೆಕ್ನಾಲಜಿ ವಿಭಾಗ ಅದ. ಎಂಎಸ್ಸಿ ಮೊದಲ ವರ್ಷ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕು, ಎರಡು ತಿಂಗಳು ಒಳ್ಳೆ ಲ್ಯಾಬಿನಾಗ ಕೆಲಸ, ಅವರೇ ರೊಕ್ಕ ಕೊಡ್ತಾರ. ಅಪ್ಪನ ತೊಗರಿಗೆ ನೆಟೆ ರೋಗ ಬಿದ್ದಿರಬೇಕಲ್ಲ, ಫ್ಯುಸೇರಿಯಂ ಉಡಮ್ ಅನ್ನೋ ಶಿಲೀಂಧ್ರದ್ದು, ಮಣ್ಣಿನಾಗೇ ಕೂತಿರ್ತದ. ಅದನ್ನ ಪಿಸಿಆರ್‌ನಿಂದ ಪತ್ತೆ ಹಚ್ಚೋ ಪ್ರೈಮರ್ ಡಿಸೈನ್ ಮಾಡೋದನ್ನೇ ಪ್ರಾಜೆಕ್ಟ್ ಮಾಡ್ತೀನ್ರಿ ಅಂತ ನಿಮ್ಮ ಗೈಡ್‌ನ ಕೇಳು. ಮಣ್ಣು ತರ್ಲಿಕ್ಕೆ ದೂರ ಹೋಗೋದೇನೂ ಇಲ್ಲ.

ಪ್ರಶ್ನೆ: ಮಗಳು ಪಿಯುಸಿದಾಗ ಪಿಸಿಎಂಬಿ ಮುಗಿಸ್ಯಾಳ್ರಿ, ನೀಟ್‌ದಾಗ ಸೀಟ್ ಸಿಗೋವಷ್ಟು ಬರಲಿಲ್ಲ. ಬಿಇ ಬಯೋಟೆಕ್ ಹಾಕ್ಸಬೇಕೋ, ಇಲ್ಲೇ ಬಿಎಸ್ಸಿ ಓದಿಸ್ಬೇಕೋ?
— ಪಾಲಕರು, ಬೀದರ್

ಉತ್ತರ: ಅಣ್ಣಾರೆ, ಆಕಿಗೆ ಗಣಿತ ಹಿಡಸ್ತದೇನು ಕೇಳ್ರಿ. ಹಿಡಸ್ತದ ಅಂದ್ರ ಬಿಇ, ಯಾಕಂದ್ರ ಜೀನ್ ಸರ್ಕ್ಯೂಟ್ ಹ್ಯಾಂಗ ನಡೀತದ ಅನ್ನೋದಕ್ಕ ಸಮೀಕರಣ ಬರೀಬೇಕಾಗ್ತದ. ಬಿಎಸ್ಸಿಗೆ ಖರ್ಚು ಕಡಿಮಿ, ಮನಿ ಊಟ, ಆದ್ರ ಬರೇ ಬಿಎಸ್ಸಿಗೆ ನಿಲ್ಲಿಸಿದ್ರ ಬೀದರ್ ಹತ್ರದ ಕೊಳಾರದ ಫಾರ್ಮಾ ಕಂಪನಿದಾಗ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸ ಸಿಗಬಹುದು, ಸಂಶೋಧನೆ ಕಡೆ ಬಾಗಿಲು ತೆರೆಯೋದು ಕಷ್ಟ, ಐದು ವರ್ಷ ಓದಿಸ್ತೀನಿ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಸೇರಿಸ್ರಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಟ್ಕೋರಿ, ನಮ್ಮ ಭಾಗದ ಹೊರಗಿನ ಕಾಲೇಜಿನಾಗೂ ಅದಕ್ಕ ಶೇ. 8ರಷ್ಟು ಸೀಟ್ ಅವ. ಮತ್ತ ನೀಟ್ ಹೋತು ಅಂತ ಮನಿಯಾಗ ದಿನಾ ಅನ್ನಬ್ಯಾಡ್ರಿ. ಆಕಿ ಸೋತು ಈ ಕಡೆ ಬಂದಾಳ ಅಂತ ಆಕಿಗೆ ಅನಿಸಬಾರದು.

ಪ್ರಶ್ನೆ: ಕಡೇಚೂರಿನ ಫಾರ್ಮಾ ಕಂಪನಿದಾಗ ಮೂರು ವರ್ಷದಿಂದ ಎಚ್‌ಪಿಎಲ್‌ಸಿ (ಔಷಧದಾಗಿನ ಪದಾರ್ಥ ಬೇರ್ಪಡಿಸಿ ಅಳೆಯೋ ಯಂತ್ರ) ನೋಡ್ಕೋತೀನಿ, ಓದಿದ್ದು ಬಿಎಸ್ಸಿ ಕೆಮಿಸ್ಟ್ರಿ. ಬಯೋಟೆಕ್ ಕಡೆ ಹೋಗ್ಬೇಕಂತ ಆಸೆ ಅದ. ತಡ ಆಯ್ತಾ?
— ಓದುಗ, ಯಾದಗಿರಿ

ಉತ್ತರ: ಇಲ್ಲ ತಮ್ಮಾ, ನೀ ನಿಂತಿರೋ ಜಾಗ ಚಲೋ ಅದ. ಸಕ್ಕರಿ ಕಾಯಿಲಿ ಮಾತ್ರಿ ಸಿಟಾಗ್ಲಿಪ್ಟಿನ್ ಗೊತ್ತಿರಬೇಕಲ್ಲ, ಮೊದ್ಲು ಅದರ ಒಂದು ಹಂತಕ್ಕ ರೋಡಿಯಂ ಲೋಹ, ಜೋರು ಒತ್ತಡದ ಹೈಡ್ರೋಜನ್ ಬೇಕಾಗ್ತಿತ್ತು. ಮರ್ಕ್ ಮತ್ತ ಕೋಡೆಕ್ಸಿಸ್ ಕಂಪನಿದವ್ರು ಒಂದು ಕಿಣ್ವವನ್ನೇ ತಿದ್ದಿ ತೀಡಿ ಆ ಕೆಲಸಕ್ಕ ಹಚ್ಚಿದ್ರು, 2010ರಾಗ ಅದನ್ನ ಪ್ರಕಟ ಮಾಡಿದ್ರು. ಹಿಂಗ ಕಿಣ್ವವನ್ನ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಸುಧಾರಿಸೋ ವಿಧಾನಕ್ಕೇ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರ ನೊಬೆಲ್ ಬಂತು. ಈಗ ಯೋಚನೆ ಮಾಡು, ನೂರಾರು ತರಾ ಕಿಣ್ವ ಮಾಡಿದ್ರ ಯಾವುದು ಎಷ್ಟು ಮಾಲು ಕೊಡ್ತು, ಕನ್ನಡಿ ಬಿಂಬದಂಗ ಇರೋ ಬಲಗೈ ಅಣು ಎಷ್ಟು, ಎಡಗೈ ಅಣು ಎಷ್ಟು ಅಂತ ಅಳೆಯೋರು ಯಾರು? ನಿನ್ನಂಥೋರು. ಜೀವಶಾಸ್ತ್ರ ಓದಿದ ಎಷ್ಟೋ ಮಂದಿಗೆ ಆ ಯಂತ್ರ ಬಿಡಿಸೋ ಏರಿಳಿತದ ಗೆರಿ, ಅಂದ್ರ ಕ್ರೊಮಾಟೋಗ್ರಾಂ, ಓದ್ಲಿಕ್ಕೆ ಬರಂಗಿಲ್ಲ, ಪೀಕ್ ಯಾಕ ಬಾಲ ಎಳೀತದ ಅಂತ ನಿನಗ ಗೊತ್ತು.

ಕೆಲಸ ಬಿಡಬ್ಯಾಡ. ಶಿಫ್ಟ್ ಮುಗಿದ ಮ್ಯಾಲ ವಾರಕ್ಕ ಮೂರು ದಿನ ಬಯೋಕೆಮಿಸ್ಟ್ರಿ ಹಿಡಿ, ಅದರಾಗೂ ಕಿಣ್ವದ ವೇಗದ ಲೆಕ್ಕ ಮೊದ್ಲು. ನಿಮ್ಮ ಕಂಪನಿದಾಗೇ ಕಿಣ್ವ ಬಳಸೋ ಹಂತ ಯಾವುದಾದ್ರೂ ಇದ್ದರ ಆ ಸೆಕ್ಷನ್ನಿಗೆ ಕೇಳು. ಮುಂದ ಕೆಲಸ ಹುಡುಕೋ ಮುಂದ ಬರೇ ಬೆಂಗಳೂರು ಅನ್ನಬ್ಯಾಡ, ಯಾದಗಿರಿಯಿಂದ ಹೈದರಾಬಾದೇ ಹತ್ರ, ಅಲ್ಲಿ ಶಾಮೀರ್‌ಪೇಟ್ ಕಡೆ ಬಯೋಟೆಕ್ ಕಂಪನಿಗಳ ತಾಣ ಜಿನೋಮ್ ವ್ಯಾಲಿ ಅದ. ಒಂದು ರಜಾ ಹಾಕಿ ಮೊದ್ಲು ಹೋಗಿ ನೋಡಿ ಬಾ, ಆಮ್ಯಾಲ ನಿನ್ನ ಬಯೋಡೇಟಾ ನನಗ ಕಳಿಸು, ಎಚ್‌ಪಿಎಲ್‌ಸಿ ಅನುಭವವನ್ನ ಮೊದಲ ಸಾಲಿನಾಗ ಹ್ಯಾಂಗ ಬರೀಬೇಕು ಅಂತ ಕೂತು ತಿದ್ದಿಕೊಡ್ತೀನಿ.