ಲೈಟ್‌ರೂಮ್ 6 ಬಿಟ್ಟು ಲೈಟ್‌ರೂಮ್ ಕ್ಲಾಸಿಕ್‌ಗೆ ಹೋಗಬೇಕಾ?

ಲೈಟ್‌ರೂಮ್ ಅಂದರೆ ಅಡೋಬಿ ಕಂಪನಿಯ ಫೋಟೊ ತಿದ್ದುವ ಸಾಫ್ಟ್‌ವೇರ್. 6 ಒಮ್ಮೆ ದುಡ್ಡು ಕೊಟ್ಟು ಕೊಂಡಿದ್ದ ಹಳೆ ಆವೃತ್ತಿ, ಕ್ಲಾಸಿಕ್ ಚಂದಾ ಕಟ್ಟಿ ಬಳಸುವಂಥದ್ದು. ಹೊಸ ಕ್ಯಾಮೆರಾ ಕೊಂಡಿದ್ದೀರಾ? ಮೊದಲು ಅದನ್ನು ಹೇಳಿ. ಲೈಟ್‌ರೂಮ್ 6ಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಆಮೇಲಿನ ಕ್ಯಾಮೆರಾಗಳ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ಫೋಟೊ ಫೈಲ್) ಅದರಲ್ಲಿ ನೇರವಾಗಿ ತೆರೆಯುವುದಿಲ್ಲ. ಅಷ್ಟಕ್ಕೇ ಸುಮ್ನೆ ತಿಂಗಳ ಚಂದಾ ಕಟ್ಟಬೇಡಿ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ. ಅದರಲ್ಲಿ ಫೈಲ್‌ಗಳನ್ನು ಡಿಎನ್‌ಜಿಗೆ, ಅಂದರೆ ಅಡೋಬಿಯದೇ ರಾ ಫೈಲ್ ಮಾದರಿಗೆ, ಬದಲಿಸಿಕೊಂಡರೆ ಸಾಮಾನ್ಯವಾಗಿ ಹಳೆಯದರಲ್ಲೇ ಕೆಲಸ ಸಾಗುತ್ತದೆ. ಒಂದು ಹೆಜ್ಜೆ ಜಾಸ್ತಿ, ಅಷ್ಟೇ.

ಮದುವೆ ಮನೆ, ನಾಟಕ ಅಂತ ಕಡಿಮೆ ಬೆಳಕಿನಲ್ಲೇ ಕ್ಲಿಕ್ಕಿಸುವವರಾದರೆ ಲೆಕ್ಕ ಬೇರೆ. ಕ್ಲಾಸಿಕ್‌ಗೆ 2023ರಲ್ಲಿ ಬಂದ ಎಐ ಡಿನಾಯ್ಸ್ (ಕಡಿಮೆ ಬೆಳಕಿನ ಫೋಟೊದ ಕಾಳುಕಾಳು ಚುಕ್ಕೆ ತೆಗೆಯುವ ಸೌಲಭ್ಯ) ನಿಜಕ್ಕೂ ದುಡ್ಡಿಗೆ ಮೋಸವಿಲ್ಲದ್ದು. ಆದರೆ ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಹಳೆ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಫೋಟೊಗೂ ಕಾಯುತ್ತಾ ಕೂರಬೇಕಾಗುತ್ತದೆ.

ಮುಂದೆ ಚಂದಾ ನಿಲ್ಲಿಸಿದರೆ? ಫೋಟೊಗಳು ಎಲ್ಲೂ ಹೋಗುವುದಿಲ್ಲ, ಎಕ್ಸ್‌ಪೋರ್ಟ್ ಕೂಡ ಆಗುತ್ತದೆ. ಆದರೆ ಫೋಟೊ ತಿದ್ದುವ ಡೆವಲಪ್ ಭಾಗ, ಮ್ಯಾಪ್ ಭಾಗ ಬಂದ್.