ಕಥೆಯನ್ನು ಆಟ ಮಾಡುವ ಮೊದಲು ಯಾರನ್ನು ಕೇಳಬೇಕು?

ಓದುಗರ ಪತ್ರ

‘ಕಳೆದ ಸಂಚಿಕೆಯಲ್ಲಿ ಅಲಾಸ್ಕಾದ ಜನಪದ ಕಥೆ ಆಧರಿಸಿದ ‘ನೆವರ್ ಅಲೋನ್’ ಎಂಬ ವಿಡಿಯೊ ಗೇಮ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ನನ್ನ ಆಕ್ಷೇಪ ಮೂರು. ಒಂದು, ಜನಪದ ಕಥೆ ಕೂತು ಕೇಳುವಂಥದ್ದು, ಗುಂಡಿ ಒತ್ತಿ ಹಾರಿಸುವಂಥದ್ದಲ್ಲ. ಎರಡು, ಅಮೆರಿಕದ ಕಂಪನಿಯೊಂದು ಹಿಮದ ನಾಡಿನ ಬಡಪಾಯಿಗಳ ಕಥೆ ಎತ್ತಿಕೊಂಡು ಕಾಸು ಮಾಡಿದರೆ ಅದಕ್ಕೆ ಸಂಸ್ಕೃತಿ ರಕ್ಷಣೆ ಅನ್ನುವ ಹೆಸರೇಕೆ? ಮೂರು, ನಾಳೆ ಬೆಂಗಳೂರಿನ ಯಾವುದೋ ಕಂಪನಿ ನಮ್ಮ ಮಂಟೇಸ್ವಾಮಿಯನ್ನು ಹೀಗೇ ಪರದೆಯ ಮೇಲೆ ಕುಣಿಸಿದರೆ ನೀವು ಇಷ್ಟೇ ಸಂಭ್ರಮ ಪಡುತ್ತೀರಾ?’

– ನಿವೃತ್ತ ಕನ್ನಡ ಅಧ್ಯಾಪಕರು, ಚಾಮರಾಜನಗರ

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಎರಡನೆಯ ಆಕ್ಷೇಪದಿಂದಲೇ ಶುರು ಮಾಡುತ್ತೇನೆ. ಅದು ಇತ್ಯರ್ಥವಾದರೆ ಉಳಿದೆರಡರ ಬಣ್ಣವೂ ಬದಲಾಗುತ್ತದೆ.

ಈ ಆಟದ ವಿಷಯದಲ್ಲಿ ಕಥೆ ಎತ್ತಿಕೊಂಡು ಹೋದವರು ಹೊರಗಿನವರಲ್ಲ. ಅಲಾಸ್ಕಾದ ಆಂಕರೇಜ್ ನಗರದಲ್ಲಿ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಸಂಸ್ಥೆಯಿದೆ. ಅಲ್ಲಿನ ಮೂಲನಿವಾಸಿಗಳು ತಮ್ಮವರಿಗಾಗಿ ನಡೆಸುವ ಸಂಸ್ಥೆ. ಕೆಲಸ ಹುಡುಕಿಕೊಡುವುದು, ಮಕ್ಕಳ ಓದಿಗೆ ಒತ್ತಾಸೆಯಾಗುವುದು, ಕುಡಿತದ ಚಟದಿಂದ ಹೊರತರುವುದು, ಕಷ್ಟದಲ್ಲಿರುವ ಸಂಸಾರಗಳ ಕೈಹಿಡಿಯುವುದು ಇವೇ ಅದರ ದಿನನಿತ್ಯದ ಕೆಲಸ. ಅನುದಾನಕ್ಕೆ ಕೈಯೊಡ್ಡಿಕೊಂಡು ಎಷ್ಟು ಕಾಲ ಇರುವುದು, ನಮ್ಮದೂ ಒಂದು ದುಡಿಮೆ ಅಂತ ಬೇಡವೇ ಎಂದು ಗ್ಲೋರಿಯಾ ಓನೀಲ್ ಅವರ ಮುಂದಾಳತ್ವದಲ್ಲಿ ಈ ಸಂಸ್ಥೆ ಯೋಚಿಸಿತು. ಹಾಗೆ ಹುಟ್ಟಿದ್ದು ಅಪ್ಪರ್ ಒನ್ ಗೇಮ್ಸ್ ಎಂಬ ಕಂಪನಿ. ಅಮೆರಿಕದಲ್ಲಿ ಮೂಲನಿವಾಸಿಗಳೇ ಒಡೆಯರಾಗಿ ವ್ಯಾಪಾರಕ್ಕೆಂದೇ ಕಟ್ಟಿದ ಮೊದಲ ಗೇಮ್ ಕಂಪನಿ ಎಂಬ ಹೆಸರು ಅದಕ್ಕಿದೆ. ಗೇಮ್ ಕಟ್ಟುವ ಕಸುಬು ಬಲ್ಲ ಇ-ಲೈನ್ ಮೀಡಿಯಾದವರನ್ನು ಜೊತೆಗೆ ಹಾಕಿಕೊಂಡರು. 2014ರ ನವೆಂಬರ್‌ನಲ್ಲಿ ಆಟ ಹೊರಬಂತು, ಮರುವರ್ಷ ಸಿನಿಮಾ, ಟಿವಿ, ಗೇಮ್‌ಗಳಿಗೆ ಪ್ರಶಸ್ತಿ ಕೊಡುವ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಅದನ್ನು ವರ್ಷದ ಅತ್ಯುತ್ತಮ ಚೊಚ್ಚಲ ಆಟವೆಂದು ಗೌರವಿಸಿತು. ‘ಕಾಸು ಮಾಡಿದರು’ ಎಂದಿರಿ. ಹೌದು, ಮಾಡಬೇಕೆಂದೇ ಹೊರಟವರು ಅವರು. ಬಡಪಾಯಿಗಳು ದುಡ್ಡಿನ ಮಾತೆತ್ತಬಾರದು, ಎತ್ತಿದರೆ ಅವರ ಸಂಸ್ಕೃತಿಯ ಮಡಿ ಹೋಯಿತು ಎಂಬ ನಮ್ಮ ನಿರೀಕ್ಷೆ ಇದೆಯಲ್ಲ, ನನಗೆ ತಕರಾರು ಇರುವುದು ಅದರ ಮೇಲೆ.

ಇನ್ನು ಕಥೆ. ಅಲಾಸ್ಕಾದ ಉತ್ತರ, ವಾಯವ್ಯ ಭಾಗಗಳಲ್ಲಿ ಬಾಳುವ ಇನ್ಯೂಪಿಯಾಟ್ ಜನ ಕೆನಡಾ, ಗ್ರೀನ್‌ಲ್ಯಾಂಡಿನ ಇನುಯಿಟ್ ಜನರಿಗೆ ಒಡಹುಟ್ಟಿದವರು. ಅವರಲ್ಲಿ ರಾಬರ್ಟ್ ನಾಸ್ರುಕ್ ಕ್ಲೀವ್‌ಲ್ಯಾಂಡ್ ಎಂಬ ಹೆಸರಾಂತ ಕಥೆಗಾರರಿದ್ದರು. ಅವರು ಹೇಳುತ್ತಿದ್ದ ಕಥೆಗಳಲ್ಲೊಂದು ಕುನುಕ್‌ಸಾಯುಕಾ ಎಂಬ ಹುಡುಗನದು. ಊರಿನ ಮೇಲೆ ಹಿಮಗಾಳಿ ಬಿಟ್ಟೂಬಿಡದೆ ಬೀಸುತ್ತದೆ. ಬೇಟೆಗೆ ಹೋಗುವಂತಿಲ್ಲ, ಹೊಟ್ಟೆಗಿಲ್ಲ. ಈ ಗಾಳಿ ಹುಟ್ಟುವುದೆಲ್ಲಿ, ನೋಡಿಯೇ ಬಿಡುತ್ತೇನೆ ಎಂದು ಹುಡುಗ ಎದುರುಗಾಳಿಯಲ್ಲಿ ಹೊರಡುತ್ತಾನೆ. ನಡೆದೂ ನಡೆದೂ ಕಡೆಗೆ ಕಾಣುವುದೇನು? ಒಬ್ಬ ಆಸಾಮಿ ಬಾಚಿ ಹಿಡಿದು ಹಿಮದ ದಿಣ್ಣೆಯನ್ನು ಕೆತ್ತುತ್ತ ನಿಂತಿದ್ದಾನೆ. ಅವನ ಪಾಡಿಗೆ ಅವನ ಕೆಲಸ. ಅಲ್ಲಿಂದ ಹಾರಿದ ಹಿಮವೇ ಇಲ್ಲಿ ಊರಿಗೆ ಬಂದು ಬಡಿಯುವ ಬಿರುಗಾಳಿ. ದೊಡ್ಡ ವಿಪತ್ತಿನ ಬುಡದಲ್ಲಿ ರಾಕ್ಷಸನೂ ಇಲ್ಲ, ಶಾಪವೂ ಇಲ್ಲ. ತನ್ನ ಕೆಲಸದಲ್ಲಿ ಮೈಮರೆತವನೊಬ್ಬ ಇದ್ದಾನೆ, ಅಷ್ಟೆ. ಇಂಥ ಕಥೆ ಕಟ್ಟಿದವರ ತಲೆಗೆ ನಾನಂತೂ ಕೈಮುಗಿಯುತ್ತೇನೆ.

ಈ ಕಥೆಯನ್ನು ಬಳಸಿಕೊಳ್ಳುವ ಮುಂಚೆ ಆಟದವರು ಕ್ಲೀವ್‌ಲ್ಯಾಂಡರ ಮಗಳು ಮಿನ್ನಿ ಗ್ರೇ ಅವರ ಬಳಿ ಹೋಗಿ ಒಪ್ಪಿಗೆ ಪಡೆದರು. ಕಥೆಯ ಹುಡುಗ ಆಟದಲ್ಲಿ ನೂನಾ ಎಂಬ ಹುಡುಗಿಯಾದಳು, ಜೊತೆಗೊಂದು ಬಿಳಿ ನರಿ ಬಂತು, ಬೇರೆ ಕಥೆಗಳಿಂದ ಕುಳ್ಳ ಜನರೂ ಬೆಂಕಿ ಎಸೆಯುವ ಕೊಲೆಗಡುಕನೂ ಬಂದು ಸೇರಿದರು. ಇದನ್ನೆಲ್ಲ ಹೆಣೆದು ಬರೆದವರು ಇಶ್ಮಾಯಿಲ್ ಹೋಪ್, ಇನ್ಯೂಪಿಯಾಟ್ ಮತ್ತು ಟ್ಲಿಂಗಿಟ್ ಎರಡೂ ಮೂಲದ ಕಥೆಗಾರ. ಸುಮಾರು 40 ಮಂದಿ ಹಿರಿಯರು, ಕಥೆಗಾರರು, ಊರಿನವರು ಇದರಲ್ಲಿ ಕೈ ಸೇರಿಸಿದ್ದಾರೆ.

ಒಪ್ಪಿಗೆ ಎಂಬುದು ಬರೀ ಕಾಗದದ ಶಾಸ್ತ್ರವಾಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಹಿರಿಯರನ್ನು ಕೇಳಿದ್ದರಿಂದ ಆಟದ ಮೈಯೇ ಬದಲಾಗಿದೆ. ಮೊದಲನೆಯದು ದನಿ. ಆಟದುದ್ದಕ್ಕೂ ಕಥೆ ಹೇಳುವುದು ಇಂಗ್ಲಿಷಿನಲ್ಲಲ್ಲ, ಇನ್ಯೂಪಿಯಾಕ್ ಭಾಷೆಯಲ್ಲಿ. ಹೇಳುವವರು ಜೇಮ್ಸ್ ನಗೇಯಾಕ್, ಆ ಭಾಷೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಿದ ಹಿರಿಯರು. ನಿಧಾನ, ಒಣ ಗಂಟಲು, ವಾಕ್ಯದ ನಡುವೆ ನಿಲುಗಡೆ. ಎಲ್ಲಿಯ ಆಟಗಾರನೇ ಆಗಲಿ, ಅಡಿಯಲ್ಲಿ ಬರುವ ಅಕ್ಷರ ಓದಿಕೊಂಡು ಅವರ ಬಾಯಿಯನ್ನೇ ಕಾಯಬೇಕು. ಇದೇ ಜನರ ಮಕ್ಕಳು ಶಾಲೆಯಲ್ಲಿ ಮನೆಮಾತು ಆಡಿದರೆ ಶಿಕ್ಷೆಗೆ ಒಳಗಾಗುತ್ತಿದ್ದ ಕಾಲವೊಂದಿತ್ತು. ಅಲಾಸ್ಕಾ ಸರ್ಕಾರ 20 ಮೂಲನಿವಾಸಿ ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ, ಅಂದರೆ ಈ ಆಟ ಬರುವ ಹಿಂದಿನ ತಿಂಗಳು. ಕಥೆ ‘ಕೂತು ಕೇಳುವಂಥದ್ದು’ ಎಂದು ನೀವು ಹೇಳಿದ್ದನ್ನು ಅವರು ಮರೆತಿಲ್ಲ ಅನ್ನುವುದಕ್ಕೆ ಆ ದನಿಯೇ ಸಾಕ್ಷಿ.

ಎರಡನೆಯದು ಗಾಳಿ. ಸಾಮಾನ್ಯವಾಗಿ ಇಂಥ ಓಡಿ ನೆಗೆದು ದಾಟುವ ಆಟಗಳಲ್ಲಿ ಹವಾಮಾನ ಹಿಂದಿನ ಪರದೆಯ ಚಿತ್ರ. ಇಲ್ಲಿ ಅದು ಎದುರಾಳಿಯೂ ಹೌದು, ಬೇಕಾದಾಗ ನೆಂಟನೂ ಹೌದು. ಎದುರುಗಾಳಿ ಏಳುವ ಸದ್ದು ಕೇಳಿದೊಡನೆ ನೂನಾ ನೆಲಕ್ಕೆ ಬಗ್ಗಿ ಕೂರಬೇಕು, ಕೂರದಿದ್ದರೆ ಹಾರಿಸಿಕೊಂಡು ಹೋಗಿ ಬಿರುಕಿಗೆ ಕೆಡವುತ್ತದೆ. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ, ಅದು ಬರುವವರೆಗೆ ಅಂಚಿನಲ್ಲಿ ಕಾದಿದ್ದು ನೆಗೆದರೆ, ಸಾಮಾನ್ಯ ನೆಗೆತಕ್ಕೆ ಎಟುಕದ ದಡ ಎಟುಕುತ್ತದೆ. ಬೆರಳಿಗೆ ಮೊದಲು ಕಲಿಸುವ ಪಾಠ ಓಡುವುದಲ್ಲ, ಬಗ್ಗುವುದು, ಕಾಯುವುದು. ನೂನಾಳ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಇರುವುದೊಂದು ಬೋಲಾ, ದಾರಗಳ ತುದಿಗೆ ಗುಂಡು ಕಟ್ಟಿ ಬೀಸಿ ಎಸೆಯುವ ಹಕ್ಕಿ ಬೇಟೆಯ ಸಾಧನ. ಅದೂ ಗೂಬೆ ಮನುಷ್ಯನೊಬ್ಬನ ಕಳೆದುಹೋದ ತಮಟೆಯನ್ನು ಹುಡುಕಿಕೊಟ್ಟದ್ದಕ್ಕೆ ಸಿಕ್ಕಿದ್ದು.

ನರಿಯ ಕೆಲಸ ಬೇರೆ. ಅದು ಹತ್ತಿರ ಬಂದರೆ ಮಾತ್ರ ಹಕ್ಕಿಯ, ಮರದ, ಮೀನಿನ ಆತ್ಮಗಳು ಕಣ್ಣಿಗೆ ಕಾಣುತ್ತವೆ. ಅವುಗಳ ಮೇಲೆ ಕಾಲಿಟ್ಟು ನೂನಾ ದಾಟಬೇಕು. ನರಿ ಸರಿದರೆ ಕಾಲ ಕೆಳಗಿನ ಆಸರೆಯೂ ಸರಿಯುತ್ತದೆ. ಹುಡುಗಿ ತಳ್ಳಬೇಕಾದ್ದನ್ನು ನರಿ ತಳ್ಳಲಾರದು, ನರಿ ಹತ್ತುವ ಗೋಡೆಯನ್ನು ಹುಡುಗಿ ಹತ್ತಲಾರಳು. ಒಬ್ಬರಿಗೊಬ್ಬರು ಆಗದೆ ಆ ಚಳಿಯಲ್ಲಿ ಬದುಕಿಲ್ಲ ಎಂದು ಹಿರಿಯರು ಹೇಳಿದ್ದನ್ನು ಪಾತ್ರಗಳ ಬಾಯಲ್ಲಿ ಭಾಷಣ ಮಾಡಿಸದೆ ಆಟದ ಕೀಲಿನೊಳಗೇ ಇಟ್ಟಿದ್ದಾರೆ.

ಉತ್ತರ ಧ್ರುವದ ಬಣ್ಣದ ಬೆಳಕಿನ ಪ್ರಸಂಗವಂತೂ ನಿಮಗೇ ಇಷ್ಟವಾಗಬೇಕು. ನಮ್ಮಲ್ಲಿ ಆ ಹಸಿರು ಬೆಳಕಿನ ಫೋಟೊ ನೋಡಿ ಆಹಾ ಎನ್ನುತ್ತೇವೆ. ಇನ್ಯೂಪಿಯಾಟ್ ಮನೆಗಳಲ್ಲಿ ಮಕ್ಕಳಿಗೆ ಹೇಳುವುದೇ ಬೇರೆ: ಮುಸುಕು ಹಾಕಿಕೊಳ್ಳದೆ ಹೊರಗೆ ಹೋದೆಯೋ, ಆ ಬೆಳಕಿನವರು ಬಂದು ನಿನ್ನ ತಲೆ ಕಿತ್ತು ಚೆಂಡಾಡುತ್ತಾರೆ! ರುಂಡ ಚೆಂಡಾಡುವುದು ನಮ್ಮ ಬಯಲಾಟದಲ್ಲೇ ಇದೆ ಎಂದು ನೀವು ನಗಬಹುದು. ಆಟದಲ್ಲಿ ಆ ಹಸಿರು ಆಕೃತಿಗಳು ಸುಳಿದಾಡುತ್ತ ಬಂದು ಕೈಗೆ ಸಿಕ್ಕವರನ್ನು ಎತ್ತಿಕೊಂಡು ಹೋಗುತ್ತವೆ. ಅಜ್ಜಿ ಹೆದರಿಸಿದ್ದು ಇದಕ್ಕೇ ಎಂದು ಆಗ ಅರ್ಥವಾಗುತ್ತದೆ.

ಇಲ್ಲಿಗೆ ನಿಮ್ಮ ಮೊದಲ ಆಕ್ಷೇಪ ತೀರಿತೇ? ತೀರಿಲ್ಲ. ಅದರಲ್ಲಿ ನೀವು ಹೇಳದೆ ಬಿಟ್ಟ ಮೊನೆಯೊಂದಿದೆ, ಅದನ್ನು ನಾನೇ ಎತ್ತುತ್ತೇನೆ. ಹೇಳುವ ಕಥೆಯಲ್ಲಿ ನಾಯಕ ಸಾಯುವುದಾದರೆ ಒಂದೇ ಸಲ, ಅದೂ ಕಥೆಗಾರ ಬಯಸಿದಾಗ. ಆಟದಲ್ಲಿ ನೂನಾ ಪದೇ ಪದೇ ಸಾಯುತ್ತಾಳೆ. ನೀರಿಗೆ ಬೀಳುತ್ತಾಳೆ, ಕರಡಿಯ ಕೈಗೆ ಸಿಗುತ್ತಾಳೆ, ಮರುಗಳಿಗೆ ಅಲ್ಲೇ ಎದ್ದು ನಿಲ್ಲುತ್ತಾಳೆ. ಹಿಮದ ಮೇಲೆ ಒಂದು ತಪ್ಪು ಹೆಜ್ಜೆಯೆಂದರೆ ಜೀವವೇ ಹೋಯಿತು ಎಂಬ ಜನರ ಕಥೆಯಲ್ಲಿ ಸಾವು ಇಷ್ಟು ಸಲೀಸಾದರೆ ಹೇಗೆ? ಇದು ಈ ಆಟದ ತೊಡಕೊಂದೇ ಅಲ್ಲ, ಗೇಮ್ ಎಂಬ ಪ್ರಕಾರದ್ದೇ ತೊಡಕು. ‘ನೆವರ್ ಅಲೋನ್’ ಅದನ್ನು ಒಂದು ಕಡೆ ಮಾತ್ರ ಗೆಲ್ಲುತ್ತದೆ. ಅರ್ಧ ದಾರಿಯಲ್ಲಿ ಕೊಲೆಗಡುಕ ನರಿಯನ್ನು ಕೊಲ್ಲುತ್ತಾನೆ. ಅಷ್ಟು ಹೊತ್ತಿಗೆ ನರಿ ನಮ್ಮ ಕೈಯಲ್ಲೇ ಎಷ್ಟೋ ಸಲ ಸತ್ತಿದೆ, ಎದ್ದಿದೆ. ಈ ಸಲವೂ ಏಳುತ್ತದೆ ಎಂದು ಬೆರಳು ಕಾಯುತ್ತದೆ. ಏಳುವುದಿಲ್ಲ. ಮುಂದೆ ಅದು ಹುಡುಗನೊಬ್ಬನ ಆತ್ಮರೂಪದಲ್ಲಿ ಜೊತೆಗೆ ಬರುತ್ತದೆ, ಗೋಡೆ ಹತ್ತುವ ನರಿಯಾಗಿ ಮಾತ್ರ ಮತ್ತೆ ಬರುವುದಿಲ್ಲ. ಕಲಿತ ಚಲನೆಯನ್ನೆಲ್ಲ ಬಿಟ್ಟು ಹೊಸದಾಗಿ ಕಲಿಯಬೇಕು. ಸುಲಭದ ಸಾವುಗಳ ಸಾಲಿನಲ್ಲಿ ಒಂದು ಕಷ್ಟದ ಸಾವನ್ನು ಇಡುವುದು ಕಥೆ ಹೇಳುವವರಿಗೆ ದಕ್ಕದ ಉಪಾಯ, ಗೇಮ್‌ಗೆ ಮಾತ್ರ ಸಾಧ್ಯ. ಆ ಒಂದು ಗಳಿಗೆಗಾಗಿ ಉಳಿದದ್ದನ್ನು ನಾನು ಸಹಿಸಿಕೊಂಡೆ.

ಸಹಿಸಿಕೊಳ್ಳಬೇಕಾದದ್ದೂ ಕಡಿಮೆಯಿಲ್ಲ. ಆಟ ಮೂರು ನಾಲ್ಕು ಗಂಟೆಯಲ್ಲಿ ಮುಗಿದುಹೋಗುತ್ತದೆ. ಬೋಲಾ ಎಸೆಯುವ ಗುರಿ ಕೈಗೆ ಹತ್ತುವುದು ನಿಧಾನ. ಒಬ್ಬರೇ ಆಡಿದರೆ ಎರಡನೆಯ ಪಾತ್ರವನ್ನು ಕಂಪ್ಯೂಟರ್ ನಡೆಸುತ್ತದೆ, ಆಗ ನರಿ ಬೇಕಾದ ಕಡೆ ಬರದೆ, ಬೇಡದ ಕಡೆ ನೆಗೆದು, ತಾನೂ ಸತ್ತು ನಮ್ಮನ್ನೂ ಸಾಯಿಸುತ್ತದೆ. ಹಲವು ವಿಮರ್ಶಕರು ಆಗಲೇ ಇದನ್ನು ಎತ್ತಿ ಆಡಿದ್ದರು. ‘ಒಂಟಿಯಲ್ಲ’ ಎಂದು ಹೆಸರಿಟ್ಟುಕೊಂಡ ಆಟ ಒಂಟಿಯಾಗಿ ಆಡುವವರ ಕೈಯಲ್ಲೇ ಸೊರಗುತ್ತದೆ.

ಆಟದ ದಾರಿಯಲ್ಲಿ ಅಲ್ಲಲ್ಲಿ ಗೂಬೆಗಳು ಸಿಗುತ್ತವೆ. ಒಂದೊಂದನ್ನು ಮುಟ್ಟಿದಾಗಲೂ ಪುಟ್ಟ ಸಾಕ್ಷ್ಯಚಿತ್ರವೊಂದು ತೆರೆದುಕೊಳ್ಳುತ್ತದೆ, ಒಟ್ಟು 24. ಓಟದ ನಡುವೆ ಪಾಠ ಏಕೆ ಎಂದು ಕೆಲವರು ಗೊಣಗಿದ್ದಾರೆ, ಎಲ್ಲವೂ ಒಂದೇ ತೂಕದವೂ ಅಲ್ಲ. ಆದರೆ ಒಂದನ್ನು ನೋಡದೆ ಬಿಡಬೇಡಿ. ಆಟದಲ್ಲಿ ಸಮುದ್ರದಂಚಿನ ಕಡಿದಾದ ಬಂಡೆಗೆ ಆನಿಸಿ, ಮರದ ಕಂಬಗಳ ಮೇಲೆ ಕಟ್ಟಿದ ಖಾಲಿ ಊರೊಂದು ಬರುತ್ತದೆ. ಚಿತ್ರಕಾರರ ಕಲ್ಪನೆ ಅಂದುಕೊಂಡರೆ ತಪ್ಪು. ಅದರ ಹಿಂದೆ ಬೇರಿಂಗ್ ಸಮುದ್ರದ ಕಿಂಗ್ ದ್ವೀಪವಿದೆ. ಅಲ್ಲಿನ ಶಾಲೆಯನ್ನು ಸರ್ಕಾರ 1959ರಲ್ಲಿ ಮುಚ್ಚಿತು. ಮಕ್ಕಳ ಓದಿಗೆಂದು ಸಂಸಾರಗಳು ನೋಮ್ ಪಟ್ಟಣದ ಕಡೆ ನಡೆದವು, 1970ರ ಹೊತ್ತಿಗೆ ಅಲ್ಲಿ ವರ್ಷವಿಡೀ ಇರುವವರೇ ಇಲ್ಲವಾದರು. ಮನೆಗಳು ಮಾತ್ರ ಬಂಡೆಗೆ ಒರಗಿ ನಿಂತವು. ಶಾಲೆ ಮುಚ್ಚಿದರೆ ಊರಿಗೆ ಏನಾಗುತ್ತದೆಂದು ಅಧ್ಯಾಪಕರಾದ ನಿಮಗೆ ನಾನು ಹೇಳಬೇಕೆ?

ಈಗ ಮಂಟೇಸ್ವಾಮಿ. ನೀವಿರುವುದು ಚಾಮರಾಜನಗರದಲ್ಲಿ, ಚಿಕ್ಕಲ್ಲೂರು ಜಾತ್ರೆಯ ಬಗ್ಗೆ ನಿಮಗೆ ಹೇಳಿಕೊಡುವ ಧಾರ್ಷ್ಟ್ಯ ನನಗಿಲ್ಲ. ಬೆಂಗಳೂರಿನ ಕಂಪನಿ ಮಾಡಿದರೆ ಸಂಭ್ರಮಿಸುತ್ತೀರಾ ಎಂದು ಕೇಳಿದಿರಿ. ಯಾರನ್ನು ಕೇಳಿ ಮಾಡಿದರು ಎಂದು ಮೊದಲು ವಿಚಾರಿಸುತ್ತೇನೆ. ಮಂಟೇಸ್ವಾಮಿಯ ಜನಪದ ಕಾವ್ಯಕ್ಕೆ ವಾರಸುದಾರರಿದ್ದಾರೆ. ದೀಕ್ಷೆ ಪಡೆದು ತಂಬೂರಿ ಹಿಡಿದ ನೀಲಗಾರರು ಇವತ್ತಿಗೂ ಹಾಡುತ್ತಿದ್ದಾರೆ. ಬೊಪ್ಪೇಗೌಡನಪುರ, ಕಪ್ಪಡಿಯ ಗದ್ದಿಗೆಗಳಿವೆ, ಒಕ್ಕಲುಗಳಿವೆ. ಮಂಟೇಸ್ವಾಮಿ ನಂಬಿದವರಿಗೆ ಧರೆಗೆ ದೊಡ್ಡವರು, ಬರೀ ಪಾತ್ರವಲ್ಲ. ಆಟಗಾರ ಗುಂಡಿ ತಪ್ಪಿ ಒತ್ತಿದಾಗ ಆ ಮೂರ್ತಿ ಬಿದ್ದು ಸಾಯಬಹುದೇ? ಇದಕ್ಕೆ ಉತ್ತರ ಕೊಡಬೇಕಾದವರು ಆಟ ಕಟ್ಟುವ ಎಂಜಿನಿಯರೂ ಅಲ್ಲ, ನಾನೂ ಅಲ್ಲ, ಕ್ಷಮಿಸಿ, ನೀವೂ ಅಲ್ಲ. ನೀಲಗಾರರು ಕೂಡದು ಅಂದರೆ ಕೂಡದು. ಹೀಗಾದರೆ ಆದೀತು ಎಂದರೆ, ಆ ‘ಹೀಗೆ’ ಎಂಬುದರಿಂದಲೇ ಆಟದ ನಿಯಮ ಹುಟ್ಟಬೇಕು, ಹಾಡಿದವರ ದನಿ ಅದರಲ್ಲಿರಬೇಕು, ಬಂದ ದುಡ್ಡಿನಲ್ಲಿ ಪಾಲೂ ಇರಬೇಕು. ಪುಸ್ತಕದ ವಿಷಯದಲ್ಲಿ ನಾವು ಇಷ್ಟು ಕಟ್ಟುನಿಟ್ಟಾಗಿದ್ದೆವೇ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ಸಂಗ್ರಹಿಸಿದವರ ಹೆಸರು ಮುಖಪುಟಕ್ಕೂ ಹಾಡಿದವರ ಹೆಸರು ಮುನ್ನುಡಿಯ ಕೊನೆಯ ಸಾಲಿಗೂ ಹೋದ ಪುಸ್ತಕಗಳು ನಮ್ಮಿಬ್ಬರ ಕಪಾಟಿನಲ್ಲೂ ಇರಬಹುದು. ಆಗ ಯಾರೂ ಪತ್ರಿಕೆಗೆ ಪತ್ರ ಬರೆಯಲಿಲ್ಲ.

ಪತ್ರದ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಮಾತು ಕೇಳಿದ್ದೀರಿ: ರಜೆಗೆ ಬರುವ ಮೊಮ್ಮಗಳು ಈ ಆಟ ಬೇಕು ಅನ್ನುತ್ತಿದ್ದಾಳೆ, ಕೊಡಿಸಬಹುದೇ ಎಂದು. ಧಾರಾಳವಾಗಿ. ಮೊಬೈಲಿನಲ್ಲೂ ಬಂದಿದೆ, ಆದರೆ ಕಂಪ್ಯೂಟರಿನಲ್ಲಿ ಎರಡು ಕಂಟ್ರೋಲರ್ ಇಟ್ಟುಕೊಂಡು ಇಬ್ಬರು ಆಡುವುದೇ ಸರಿ. ನೂನಾಳನ್ನು ಅವಳಿಗೆ ಬಿಟ್ಟುಕೊಡಿ, ನರಿ ನಿಮ್ಮದಾಗಲಿ. ನೆಗೆಯುವುದು ತಪ್ಪಿದರೆ ಬೈಸಿಕೊಳ್ಳಲು ಸಿದ್ಧರಾಗಿರಿ.