ಮಂಗಳ ಗ್ರಹದಲ್ಲಿ ರೋವರ್‌ಗೆ ಸಿಕ್ಕಿರೋ "ಜೇಡರ ಬಲೆ" ಕಲ್ಲುಗಳನ್ನ ಯಾರಾದ್ರೂ ಕಟ್ಟಿದ್ದಾ?

ಮೇಲಿಂದ ನೋಡಿದ್ರೆ ಹಳೇ ಊರಿನ ಪಾಯ ತರ ಕಾಣುತ್ತಲ್ಲ, ಆ ಗೆರೆಗಳ ಬಗ್ಗೆ ತಾನೇ ನೀವು ಕೇಳ್ತಿರೋದು? ನನಗೂ ವಾಟ್ಸಾಪಲ್ಲಿ "ಮಂಗಳದಲ್ಲಿ ಗೋಡೆ ಪತ್ತೆ" ಅಂತ ಬಂದಿತ್ತು. ಯಾರೂ ಕಟ್ಟಿಲ್ಲ ಸ್ವಾಮಿ, ನೀರು ಗಾಳಿ ಸೇರ್ಕೊಂಡು ಮಾಡಿರೋ ಕೆಲಸ ಅದು.

ನಾನೇನು ವಿಜ್ಞಾನಿ ಅಲ್ಲ, 2012ರಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ (ಅಲ್ಲಿ ಓಡಾಡೋ ರೋಬೋಟ್ ಗಾಡಿ) ಮಂಗಳದಲ್ಲಿ ಇಳಿದಾಗಿಂದ ಅದು ಕಳಿಸೋ ಫೋಟೋ ನೋಡೋ ಚಟ ಅಷ್ಟೇ, ನಾಸಾದವರು ಎಲ್ಲಾನೂ ಹಾಗ್ಹಾಗೇ ಸೈಟಲ್ಲಿ ಹಾಕ್ತಾರೆ, ಬೆಳಗ್ಗೆ ಕಾಫಿ ಜೊತೆ ಅದೇ ನನ್ನ ಪೇಪರ್. ಗೇಲ್ ಅನ್ನೋ ದೊಡ್ಡ ಕುಳಿ, ಅದರ ನಡುವೆ ಸುಮಾರು 5 ಕಿಲೋಮೀಟರ್ ಎತ್ತರದ ಮೌಂಟ್ ಶಾರ್ಪ್, ಆ ಬೆಟ್ಟಾನ ನಮ್ಮ ರೋವರ್ 2014ರಿಂದ ಹತ್ತುತ್ತಾನೇ ಇದೆ. ಹತ್ತಿ ಹತ್ತಿ 2025ರಲ್ಲಿ ಈ ಜಾಗಕ್ಕೆ ಬಂತು. ಇಲ್ಲಿರೋ ಬಲೆಯಂಥ ದಿಬ್ಬಗಳಿಗೆ ಬಾಕ್ಸ್‌ವರ್ಕ್ ಅಂತಾರೆ.

ಹೇಗಾಯ್ತು ಅಂದ್ರೆ, ನೀವು ಹಳೇ ಕಾಂಪೌಂಡ್ ಗೋಡೆ ನೋಡಿರ್ತೀರ, ಸರಿಯಾಗಿ ಬೇಯದ ಇಟ್ಟಿಗೆ ಮಳೆಗೆ ಬಿಸಿಲಿಗೆ ಪುಡಿಪುಡಿಯಾಗಿ ಉದುರಿ ಹೋಗಿರುತ್ತೆ, ಆದ್ರೆ ಸಂದಿಗೆ ಹಾಕಿದ್ದ ಸಿಮೆಂಟ್ ಮಾತ್ರ ಗಟ್ಟಿಯಾಗಿ ಚೌಕ ಚೌಕ ಎದ್ದು ನಿಂತಿರುತ್ತೆ. ನಮ್ಮನೆ ಹಿಂದಿನ ಗೋಡೇನೂ ಹಂಗೇ ಆಗಿದೆ. ಅಲ್ಲೂ ಅದೇ ಕಥೆ, ಸಿಮೆಂಟ್ ಹಾಕಿದ್ದು ಮಾತ್ರ ಮೇಸ್ತ್ರಿ ಅಲ್ಲ. ಕಲ್ಲಲ್ಲಿ ಬಿರುಕು ಬಿದ್ದಿತ್ತು, ಕೋಟಿಗಟ್ಟಲೆ ವರ್ಷದ ಹಿಂದೆ ನೆಲದಡಿ ನೀರು ಆ ಬಿರುಕಲ್ಲಿ ಇಳೀತು, ನೀರಲ್ಲಿದ್ದ ಖನಿಜ ಅಲ್ಲೇ ಕೂತು ಗಟ್ಟಿಯಾಯ್ತು, ಆಮೇಲೆ ಗಾಳಿ ಮರಳು ತೂರಿ ತೂರಿ ಸುತ್ತಲಿನ ಮೆತ್ತನೆ ಕಲ್ಲನ್ನೆಲ್ಲ ತಿಂದು ಹಾಕ್ತು. ಗಟ್ಟಿ ಭಾಗ ದಿಬ್ಬ ಆಗಿ ಉಳೀತು, ಮಧ್ಯ ಮರಳು ತುಂಬಿದ ಗುಂಡಿ.

ಭೂಮಿ ಮೇಲೂ ಇದೆ, ಅಮೆರಿಕದ ಸೌತ್ ಡಕೋಟಾದ ವಿಂಡ್ ಕೇವ್ ಗುಹೆ ಇದಕ್ಕೇ ಫೇಮಸ್. ಆದ್ರೆ ನಮ್ಮಲ್ಲಿ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ಎತ್ತರ ಇರುತ್ತೆ, ಅಲ್ಲಿ ಒಂದೆರಡು ಮೀಟರ್! ಸುಮಾರು 900 ಕೆಜಿ ತೂಕದ, ಕಾರಿನಷ್ಟು ದೊಡ್ಡ ರೋವರ್ ಆ ದಿಬ್ಬದ ನೆತ್ತಿ ಮೇಲೇ ಓಡಾಡ್ತು ಅಂದ್ರೆ ಲೆಕ್ಕ ಹಾಕಿ. ದಿಬ್ಬದ ಮೇಲೆ ಒಳ್ಳೇ ರೋಡ್ ಇದ್ದಂಗೆ, ಗುಂಡಿಗೆ ಇಳಿದ್ರೆ ಚಕ್ರ ಮರಳಲ್ಲಿ ಜಾರೋ ಭಯ. ಚಕ್ರಗಳೋ ಮೊದಲೇ ತೂತು ಬಿದ್ದಿವೆ ಪಾಪ.

ಇದು ಜೀವ ಇತ್ತು ಅನ್ನೋದಕ್ಕೆ ಪ್ರೂಫ್ ಅಲ್ಲ, ಯೂಟ್ಯೂಬ್ ಥಂಬ್‌ನೇಲ್ ನಂಬ್ಬೇಡಿ. ನನಗೆ ಇಂಟರೆಸ್ಟಿಂಗ್ ಅನ್ಸೋದು ಬೇರೆ. ಈ ಕಲ್ಲಿನ ಪದರಗಳು ಮಂಗಳ ಒಣಗ್ತಾ ಬಂದ ಕಾಲದ್ದು, ಉಪ್ಪಿನಂಥ ಸಲ್ಫೇಟ್ ತುಂಬಿದೆ. ಮೇಲೆ ಕೆರೆ ಗಿರೆ ಬತ್ತುತ್ತಿದ್ದ ಕಾಲದ ಕಲ್ಲಲ್ಲೂ ಒಳಗಡೆ ನೀರು ಓಡಾಡಿದೆ ಅಂದ್ರೆ, ಸೂಕ್ಷ್ಮಜೀವಿ ಏನಾದ್ರೂ ಇದ್ದಿದ್ರೆ ಅದಕ್ಕೆ ಇನ್ನೊಂದಷ್ಟು ಕಾಲ ಬದುಕೋಕೆ ಜಾಗ ಇತ್ತು ಅಂತಾಯ್ತು. ಇದ್ದಿದ್ರೆ, ಆಯ್ತಾ.

ಫೋಟೋ ಸಿಕ್ಕಿದ್ರೆ ಝೂಮ್ ಮಾಡಿ ನೋಡಿ, ಕೆಲವು ದಿಬ್ಬದ ಮಧ್ಯೆ ಉದ್ದಕ್ಕೆ ಒಂದು ಗೀರು ಕಾಣುತ್ತೆ. ನೀರು ಇಳಿದಿದ್ದು ಅದೇ ಬಿರುಕಲ್ಲಿ.